ಗಾಜು-ತಂತಿಯ ಜೋಡೆತ್ತು

ಕಳೆದ ವರ್ಷ ಗಾಜಿನಲ್ಲೊಂದು ಜೆಲ್ಲಿಮೀನು ಮಾಡಲು ಹೊರಟೆ. ಛತ್ರಿಯಂಥ ತಲೆ ಪೂರ್ತಿ ಗಾಜು. ಕೆಳಗೆ ಇಳಿಬಿದ್ದ ಎಂಟು ಎಳೆಗಳು ದಪ್ಪ ತಾಮ್ರದ ತಂತಿಯವು, ತುದಿಯನ್ನು ಬಿಸಿ ಗಾಜಿನೊಳಗೆ ಚುಚ್ಚಿ ಕೂರಿಸಿದ್ದೆ. ಸಂಜೆ ಬರ್ನರ್ ಆರಿಸಿ ಮೇಜಿನ ಮೇಲಿಟ್ಟಾಗ ಚೆನ್ನಾಗಿಯೇ ಇತ್ತು. ರಾತ್ರಿ ಯಾವಾಗಲೋ ‘ಟಿಣ್’ ಎಂದಿತು. ಬೆಳಿಗ್ಗೆ ನೋಡಿದರೆ ಐದು ಎಳೆಗಳ ಬುಡದಲ್ಲಿ ಗಾಜು ಸೀಳಿತ್ತು. “ದೃಷ್ಟಿ ಆಗಿದೆ. ಬಂದವರಿಗೆಲ್ಲ ತೋರಿಸಬೇಡ ಅಂದಿದ್ದೆ” ಎಂದರು ಅತ್ತೆ.

ಮುಟ್ಟದ ಗಾಜು ಒಡೆದರೆ ನಮ್ಮಲ್ಲಿ ಮೆಣಸಿನಕಾಯಿ, ಉಪ್ಪು ಹೊರಬರುತ್ತವೆ. ನನಗೋ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಗಾಜಿಗೆ ತಾಗಿದ್ದು ಯಾರ ಕಣ್ಣೂ ಅಲ್ಲ, ತಾಮ್ರ.

ಲೆಕ್ಕ ನೋಡಿ. ಹತ್ತು ಸೆಂಟಿಮೀಟರ್ ಉದ್ದದ ಮಾಮೂಲಿ ಗಾಜಿನ ಕಡ್ಡಿ 500 ಡಿಗ್ರಿಯಷ್ಟು ತಣಿದರೆ ಸುಮಾರು 0.45 ಮಿಲಿಮೀಟರ್ ಕುಗ್ಗುತ್ತದೆ. ಅಷ್ಟೇ ಉದ್ದದ ತಾಮ್ರ 0.85 ಮಿಲಿಮೀಟರ್. ವ್ಯತ್ಯಾಸ 0.4. ಇಷ್ಟೇನಾ ಅನ್ನಬೇಡಿ, ಅದರ ಕಾಲುಭಾಗದಷ್ಟು ಹಿಡಿದೆಳೆದರೂ ಮಾಮೂಲಿ ಗಾಜು ತಾಳುವುದಿಲ್ಲ. ಒಂದೇ ನೊಗಕ್ಕೆ ಓಟದ ಹೋರಿಯನ್ನೂ ಮುದಿ ಎತ್ತನ್ನೂ ಕಟ್ಟಿದಂತೆ ಇದು. ಮುರಿಯುವುದು ನೊಗ.

ಇನ್ನೂ ಒಂದು ಸೂಕ್ಷ್ಮವಿದೆ. ಕಮ್ಮಾರರು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ ತೊಡಿಸಿ ನೀರು ಹೊಯ್ಯುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಹೊರಗಿನ ಲೋಹ ಕುಗ್ಗಿದರೆ ಬಿಗಿ. ನನ್ನ ಜೆಲ್ಲಿಮೀನಿನಲ್ಲಿ ಲೋಹ ಒಳಗಿತ್ತು, ಅದು ಕುಗ್ಗಿದರೆ ಸಡಿಲ. ಮೊದಲು ಕೈ ಬಿಡುತ್ತದೆ, ಬಿಡದೆ ಅಂಟಿಕೊಂಡ ಕಡೆ ಗಾಜನ್ನೂ ಸೆಳೆದು ಸೀಳುತ್ತದೆ. ಆ ಸೆಳೆತ ತಣಿದ ಮೇಲೂ ಒಳಗೇ ಕೂತಿರುತ್ತದೆ. ಒಂದು ಸಣ್ಣ ಗೀರು ಸಿಕ್ಕರೆ ಸಾಕು, ಮಧ್ಯರಾತ್ರಿಯಾದರೂ ಸರಿ, ‘ಟಿಣ್’.

ಹಾಗಾದರೆ ಗಾಜು-ಲೋಹ ಕೂಡಿ ಬಾಳುವುದೇ ಇಲ್ಲವೇ? ಅಟ್ಟದ ಮೇಲೆ ಹಳೆಯ 40 ವ್ಯಾಟಿನ ಬಲ್ಬಿದ್ದರೆ ತೆಗೆದು ಬೆಳಕಿಗೆ ಹಿಡಿಯಿರಿ. ಬುಡದ ಗಾಜಿನ ಕಂಬದೊಳಗೆ ತಂತಿಗಳು ಹಾದುಹೋಗುವಲ್ಲಿ ಇಟ್ಟಿಗೆಗೆಂಪಿನ ಸಣ್ಣ ತುಂಡು ಕಾಣುತ್ತದೆ. ಎಡಿಸನ್ ಕಾಲದಲ್ಲಿ ಅಲ್ಲಿ ಪ್ಲಾಟಿನಂ ಇತ್ತು, ಅದು ಹೆಚ್ಚುಕಡಿಮೆ ಗಾಜಿನಷ್ಟೇ ಹಿಗ್ಗುತ್ತದೆ, ಕುಗ್ಗುತ್ತದೆ. ಬೆಲೆ ಮಾತ್ರ ಕೇಳಬಾರದು. ಆಮೇಲೆ ಬಂದದ್ದು ಡ್ಯೂಮೆಟ್ ತಂತಿ: ನಿಕ್ಕಲ್-ಕಬ್ಬಿಣದ ತಿರುಳು, ಮೇಲೆ ತಾಮ್ರದ ತೊಗಟೆ. ನಿಧಾನಿಯನ್ನೂ ಅವಸರದವನನ್ನೂ ಸೇರಿಸಿ ಗಾಜಿನ ನಡಿಗೆಗೆ ಹೊಂದಿಸಿದ್ದು. ಆ ಕೆಂಪು ತಾಮ್ರದ ಆಕ್ಸೈಡಿನದು. ಗಾಜು ಬರೀ ತಾಮ್ರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಈ ಕಿಲುಬಿನಂಥ ಪದರವನ್ನು ಕರಗಿಸಿಕೊಂಡೇ ಹಿಡಿಯುತ್ತದೆ.

ಜೆಲ್ಲಿಮೀನಿನ ಹುಚ್ಚು ನನಗೆ ಹತ್ತಿದ್ದು ಗಾಜಿನ ಕುಶಲಕರ್ಮಿಗಳಾದ ಬ್ಲಾಷ್ಕಾ ತಂದೆ-ಮಗನಿಂದ. ಬೊಹೀಮಿಯದ (ಇಂದಿನ ಚೆಕ್ ದೇಶದ ಭಾಗ) ತಂದೆ ಲಿಯೊಪೋಲ್ಡ್ 1853ರಲ್ಲಿ ಅಮೆರಿಕಕ್ಕೆ ಹೊರಟಿದ್ದ. ಅಜೋರ್ಸ್ ದ್ವೀಪಗಳ ಬಳಿ ಗಾಳಿಯಿಲ್ಲದೆ ಹಡಗು ನಿಂತಾಗ, ರಾತ್ರಿ ಕಡಲಲ್ಲಿ ಹೊಳೆಯುವ ಜೆಲ್ಲಿಮೀನುಗಳನ್ನು ನೋಡುತ್ತ ಕೂತ. ಹತ್ತು ವರ್ಷದ ನಂತರ ಡ್ರೆಸ್ಡೆನ್ನಿನ ಮ್ಯೂಸಿಯಂ ಗಾಜಿನ ಕಡಲಜೀವಿಗಳನ್ನು ಕೇಳಿತು. ಮ್ಯೂಸಿಯಂಗಳ ಕಷ್ಟ ನಿಜವಾದದ್ದೇ: ಸ್ಪಿರಿಟ್ಟಿನಲ್ಲಿಟ್ಟ ಜೆಲ್ಲಿಮೀನು ಬಣ್ಣ ಕಳೆದುಕೊಂಡು ಮುದ್ದೆಯಾಗುತ್ತದೆ. ಮುಂದೆ ಮಗ ರುಡಾಲ್ಫ್ ಜೊತೆಯಾದ. 1887ರಿಂದ 1936ರವರೆಗೆ ಹಾರ್ವರ್ಡಿಗಾಗಿ ಸುಮಾರು 780 ಸಸ್ಯಜಾತಿಗಳ 4,000ಕ್ಕೂ ಹೆಚ್ಚು ಮಾದರಿಗಳು ತಯಾರಾದವು. ಲಿಯೊಪೋಲ್ಡ್ 1895ರಲ್ಲಿ ತೀರಿಕೊಂಡ ಮೇಲೆ ಮಗನೊಬ್ಬನೇ ದುಡಿದ.

ಅವರ ಬಳಿ ಗುಪ್ತ ಯಂತ್ರವಿತ್ತು, ವಿದ್ಯೆ ಅವರೊಂದಿಗೇ ಮಣ್ಣಾಯಿತು ಎಂಬ ಕತೆ ಇವತ್ತಿಗೂ ಓಡಾಡುತ್ತದೆ. ಇದೂ ದೃಷ್ಟಿ ತೆಗೆಯುವವರ ಜಾತಿಯ ಮಾತೇ. ಜನ ಹಾಗಂದುಕೊಳ್ಳುತ್ತಾರೆಂದು 1889ರಲ್ಲೇ ಲಿಯೊಪೋಲ್ಡ್ ಪತ್ರ ಬರೆದು, ಅಂಥದ್ದೇನಿಲ್ಲ, ಕೈಯ ಹದವಷ್ಟೇ ಎಂದಿದ್ದ. ಉಪಕರಣವೆಂದರೆ ದೀಪ, ಕಾಲಲ್ಲಿ ತುಳಿಯುವ ತಿದಿ, ಚಿಮಟ. ಹೂಗಳ ಕಾಂಡಕ್ಕೆ ಒಳಗೆ ತಂತಿಯ ಆಸರೆ. ಕಡಲಜೀವಿಗಳ ಸೂಕ್ಷ್ಮ ಎಳೆಗಳನ್ನು ಎಷ್ಟೋ ಕಡೆ ಬೆಂಕಿಯಲ್ಲಿ ಬೆಸೆದೇ ಇಲ್ಲ. ತಣ್ಣಗಾದ ಮೇಲೆ ತೆಳ್ಳನೆ ತಾಮ್ರದ ತಂತಿಯಿಂದ, ಅಂಟಿನಿಂದ ಸೇರಿಸಿದ್ದಾರೆ.

ಇದನ್ನು ಓದಿದ ದಿನ ನನ್ನನ್ನು ನಾನೇ ಬೈದುಕೊಂಡೆ. ಎರಡನೇ ಜೆಲ್ಲಿಮೀನಿಗೆ ಎಳೆಗಳನ್ನೂ ಗಾಜಿನಲ್ಲೇ ಎಳೆದು, ಮೇಲ್ತುದಿಯನ್ನು ಪುಟ್ಟ ಕೊಂಡಿಯಾಗಿ ಬಗ್ಗಿಸಿದೆ. ತಲೆಯ ಅಂಚಿನಲ್ಲೂ ಎಂಟು ಕೊಂಡಿ. ಬಿಸಿಬೂದಿಯಲ್ಲಿ ಹೂತಿಟ್ಟು ರಾತ್ರಿಯಿಡೀ ತಣಿಸಿ, ಮರುದಿನ ಕೂದಲಷ್ಟು ತೆಳ್ಳನೆ ತಾಮ್ರದ ತಂತಿಯಿಂದ ಒಂದೊಂದನ್ನೇ ಸಡಿಲವಾಗಿ ಕಟ್ಟಿದೆ. ಫ್ಯಾನ್ ಹಾಕಿದರೆ ಎಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಅತ್ತೆ ಅದರ ಮೇಲೊಂದು ಕರಿದಾರ ಕಟ್ಟಿದ್ದಾರೆ. ಹತ್ತಿ ದಾರ, ಗಾಜನ್ನು ಎಳೆಯುವುದಿಲ್ಲ, ಇರಲಿ ಎಂದು ಬಿಟ್ಟಿದ್ದೇನೆ.