‘ಸರಾಸರಿ ಎರಡು ವರ್ಷ’ ಅಂದರು, ಹಾಗಾದರೆ ಅಪ್ಪನಿಗೆ ಉಳಿದಿರುವುದು ಎರಡೇ ವರ್ಷವಾ?

ಪ್ರಶ್ನೆ: ಅಪ್ಪನಿಗೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್. ಪ್ಯಾಂಕ್ರಿಯಾಸಿನ ತಲೆಭಾಗವನ್ನೂ ಅದಕ್ಕಂಟಿದ ಕರುಳನ್ನೂ ತೆಗೆಯುವ ವಿಪ್ಪಲ್ ಆಪರೇಷನ್ ಆಗಿ ಮೂರು ವಾರ. ಇಂಥ ಕೇಸಿನಲ್ಲಿ ಸರಾಸರಿ ಎರಡು ವರ್ಷ ಅಂತ ಡಾಕ್ಟರು ಹೇಳಿದರು. ಬಯಾಪ್ಸಿ ರಿಪೋರ್ಟಿನ ಅಂಕಿಗಳನ್ನು ಇಂಟರ್‌ನೆಟ್ಟಿನ ಕ್ಯಾಲ್ಕುಲೇಟರಿಗೆ ಹಾಕಿ ನೋಡಿದೆ, ಅಲ್ಲೂ ಸುಮಾರು ಅಷ್ಟೇ ಬಂತು. ತಂಗಿಯ ಮದುವೆ ಬೇಗ ಮುಗಿಸಿಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ನಿಜವಾಗಿ ಎರಡೇ ವರ್ಷವಾ?

ಉತ್ತರ: ಅಲ್ಲ. ಎರಡು ವರ್ಷ ಎಂಬ ಅಂಕಿ ನಿಮ್ಮ ತಂದೆಯವರದಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಅಪ್ಪ, ಒಮ್ಮೆ ಅತ್ತೆ, ಒಮ್ಮೆ ದೊಡ್ಡಪ್ಪ. ತಪ್ಪು ಮಾತ್ರ ಪ್ರತಿ ಸಲ ಒಂದೇ: ಡಾಕ್ಟರು ಹೇಳಿದ ಅಂಕಿಯನ್ನು ಮಾತ್ರೆ ಪಟ್ಟಿಯ ಮೇಲಿನ ಎಕ್ಸ್‌ಪೈರಿ ಡೇಟಿನಂತೆ ಓದಿಕೊಳ್ಳುವುದು. ಬೇಸರವಾದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಈ ಒಂದು ತಪ್ಪಿನಿಂದ ಮನುಷ್ಯ ಎದುರಿಗೆ ಊಟಕ್ಕೆ ಕೂತಿರುವಾಗಲೇ ಮನೆಯವರು ಸೂತಕದ ಮುಖ ಹೊತ್ತು ಓಡಾಡುವುದನ್ನು ನೋಡಿದ್ದೇನೆ.

ಮೊದಲನೆಯದಾಗಿ, ಅದು ಸರಾಸರಿಯೇ ಅಲ್ಲ, ಮಧ್ಯಾಂಕ. ಹೈಸ್ಕೂಲಿನಲ್ಲಿ ಲೆಕ್ಕ ಮಾಡಿ ಮಾರ್ಕ್ಸ್ ತೆಗೆದುಕೊಂಡು ಮರೆತ ಅದೇ ಮಧ್ಯಾಂಕ. 101 ರೋಗಿಗಳನ್ನು ಅವರು ಬದುಕಿದ ಕಾಲದ ಪ್ರಕಾರ ಸಾಲಾಗಿ ನಿಲ್ಲಿಸಿ. 51ನೆಯವರು ಎಷ್ಟು ತಿಂಗಳು ಬದುಕಿದರೋ ಅದು ಮಧ್ಯಾಂಕ. ಈಚೆಯ 50 ಜನ ಅಷ್ಟು ಕಾಲ ಬದುಕಲಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸುಳ್ಳು ಧೈರ್ಯ ತುಂಬುವುದಿಲ್ಲ. ಆದರೆ ಆಚೆಯ 50 ಜನ ಎಷ್ಟು ದೂರ ಹೋದರು ಎಂಬುದರ ಬಗ್ಗೆ ಆ ಅಂಕಿಯಲ್ಲಿ ಒಂದಕ್ಷರವೂ ಇಲ್ಲ.

ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ನಾನು ತರಗತಿಯಲ್ಲಿ ಪ್ರತಿ ವರ್ಷ ತೆಗೆದುಕೊಳ್ಳುವ ಉದಾಹರಣೆ ಇದೆ. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ನಡೆದ ಕಾಂಕೊ-001 ಎಂಬ ಪ್ರಯೋಗ. ಪ್ಯಾಂಕ್ರಿಯಾಸ್ ಆಪರೇಷನ್ ಆದವರಲ್ಲಿ ಒಂದು ಗುಂಪಿಗೆ ಜೆಮ್‌ಸಿಟಾಬಿನ್ ಎಂಬ ಕೀಮೋ ಕೊಟ್ಟರು, ಇನ್ನೊಂದು ಗುಂಪಿಗೆ ಕೊಡಲಿಲ್ಲ. 2013ರಲ್ಲಿ ಬಂದ ಫಲಿತಾಂಶದಲ್ಲಿ ಕೀಮೋ ಪಡೆದವರ ಮಧ್ಯಾಂಕ 22.8 ತಿಂಗಳು, ಕೀಮೋ ಇಲ್ಲದವರಿಗೆ 20.2. ಬರೀ ಎರಡೂವರೆ ತಿಂಗಳಿಗೆ ಇಷ್ಟು ಸಂಕಟ ಯಾಕೆ ಅನ್ನಿಸುತ್ತದೆ, ಅಲ್ಲವೇ? ಈಗ ಸಾಲಿನ ಆಚೆ ತುದಿ ನೋಡಿ. ಐದು ವರ್ಷಕ್ಕೆ ಬದುಕಿದ್ದವರು ಕೀಮೋ ಗುಂಪಿನಲ್ಲಿ ಶೇ. 20.7, ಇನ್ನೊಂದರಲ್ಲಿ ಶೇ. 10.4. ಹೆಚ್ಚೂಕಡಿಮೆ ದುಪ್ಪಟ್ಟು! ಹತ್ತು ವರ್ಷಕ್ಕೆ ಶೇ. 12.2 ಮತ್ತು ಶೇ. 7.7. ಔಷಧಿಯ ದೊಡ್ಡ ಲಾಭವೆಲ್ಲ ಮಧ್ಯಾಂಕದ ಕಣ್ಣಿಗೆ ಬೀಳದ ಜಾಗದಲ್ಲಿತ್ತು. ‘ಎರಡು ವರ್ಷ’ ಎಂಬ ಮಾತಿನೊಳಗೇ, ಕೀಮೋ ಪಡೆದ ನೂರು ಜನರಲ್ಲಿ ಹತ್ತು ವರ್ಷ ದಾಟಿದ ಹನ್ನೆರಡು ಜನ ಕೂತಿದ್ದಾರೆ.

ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ಐದು ವರ್ಷ ದಾಟಿದ ಸುಮಾರು 21 ಜನರಲ್ಲಿ 12 ಮಂದಿ ಹತ್ತನ್ನೂ ದಾಟಿದರು, ಅರ್ಧಕ್ಕಿಂತ ಹೆಚ್ಚು. ರೋಗಿ ದಾಟಿದ ಪ್ರತಿ ವರ್ಷಕ್ಕೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಇವತ್ತು ಕೇಳಿದ ಅಂಕಿಯನ್ನು ಮುಂದಿನ ದೀಪಾವಳಿಗೆ ಹಿಡಿದುಕೊಂಡು ಕೂರಬೇಡಿ.

ಇನ್ನು ಕ್ಯಾಲ್ಕುಲೇಟರ್. ಇವುಗಳಲ್ಲಿ ಹೆಸರುವಾಸಿಯಾದದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 2004ರಲ್ಲಿ 555 ರೋಗಿಗಳ ದಾಖಲೆಯಿಂದ ಕಟ್ಟಿದ ಮಾಡೆಲ್. ವಯಸ್ಸು, ಗಡ್ಡೆಯ ಗಾತ್ರ, ಎಷ್ಟು ಲಿಂಫ್ ನೋಡ್‌ಗೆ (ದುಗ್ಧರಸ ಗ್ರಂಥಿಗೆ) ಹರಡಿದೆ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಬೆನ್ನುನೋವಿತ್ತೇ, ತೂಕ ಇಳಿದಿತ್ತೇ ಎಂದೆಲ್ಲ ಕೇಳುತ್ತದೆ. ಇದು ಎಷ್ಟು ಸರಿ ಹೇಳುತ್ತದೆ? ಇಬ್ಬರು ರೋಗಿಗಳ ವಿವರ ಕೊಟ್ಟು ಯಾರು ಹೆಚ್ಚು ಕಾಲ ಬದುಕುತ್ತಾರೆ ಎಂದು ಕೇಳಿ. ನಾಣ್ಯ ಚಿಮ್ಮಿದರೆ 100 ಜೋಡಿಗಳಲ್ಲಿ 50 ಸರಿಹೋಗುತ್ತವೆ. ಬರೀ ಸ್ಟೇಜ್ ನೋಡಿ ಹೇಳಿದರೆ 56. ಈ ಮಾಡೆಲ್ 64. ಸ್ಟೇಜ್‌ಗಿಂತ ಒಳ್ಳೆಯದು, ನನಗೆ ಇಂಥ ಕೆಲಸದ ಬಗ್ಗೆ ಗೌರವವಿದೆ. ಆದರೆ 100ರಲ್ಲಿ 36 ಸಲ ತಪ್ಪುವ ಲೆಕ್ಕವನ್ನು ನಂಬಿ ಛತ್ರ ಬುಕ್ ಮಾಡಬೇಡಿ. ತಂಗಿಗೆ ಮದುವೆ ಬೇಕಿದ್ದರೆ, ಹುಡುಗ ಒಪ್ಪಿಗೆಯಾಗಿದ್ದರೆ ಮಾಡಿ. ಕಾರಣ ಅದಿರಲಿ.

ಕೆಲವು ಮಾಡೆಲ್‌ಗಳು ‘ಆಪರೇಷನ್ ನಂತರ ಕೀಮೋ ಆಯಿತೇ?’ ಎಂದೂ ಕೇಳುತ್ತವೆ. ಮೂರು ವಾರದಲ್ಲಿ ನಿಮ್ಮ ತಂದೆಗೆ ಅದು ಇನ್ನೂ ಶುರುವಾಗಿರಲಾರದು. ಅಲ್ಲಿ ನೀವು ಏನು ಒತ್ತಿದಿರಿ?

ಕೀಮೋ ಮಾತು ಬಂದರೆ ಮುಂದಿನ ಪ್ರಶ್ನೆ ನನಗೆ ಗೊತ್ತು: ‘ಈಗ 54 ತಿಂಗಳು ಬರುತ್ತದಂತೆ, ಡಾಕ್ಟರು ಯಾಕೆ 24 ಅಂದರು?’ ಫ್ರಾನ್ಸ್ ಮತ್ತು ಕೆನಡಾದ ಪ್ರಯೋಗವೊಂದರಲ್ಲಿ, 2018ರ ವರದಿ, ಹಲವು ಔಷಧಿ ಸೇರಿದ ಫೋಲ್ಫಿರಿನಾಕ್ಸ್ ಎಂಬ ಕೀಮೋ ಪಡೆದವರ ಮಧ್ಯಾಂಕ 54.4 ತಿಂಗಳು ಬಂದದ್ದು ನಿಜ. ಆದರೆ ಅದೇ ಪ್ರಯೋಗದಲ್ಲಿ ಹಳೆಯ ಜೆಮ್‌ಸಿಟಾಬಿನ್ ಪಡೆದವರ ಮಧ್ಯಾಂಕ 35 ತಿಂಗಳು. ಔಷಧಿ ಅದೇ, ಜರ್ಮನಿಯಲ್ಲಿ 22.8, ಇಲ್ಲಿ 35. ಆರಿಸಿಕೊಂಡ ಜನ ಬೇರೆ. ಇಲ್ಲಿ ಆಪರೇಷನ್ನಿನಿಂದ ಚೇತರಿಸಿಕೊಂಡು ಓಡಾಡುವವರನ್ನು, ರಕ್ತದಲ್ಲಿ ಸಿಎ 19-9 (ಈ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ಏರುವ ವಸ್ತು) ಪ್ರಮಾಣ 180 ಮೀರದವರನ್ನು ಮಾತ್ರ ಸೇರಿಸಿಕೊಂಡಿದ್ದರು. ಗಡಿಯಾರ ಶುರುವಾದದ್ದೂ ಆಪರೇಷನ್ ದಿನದಿಂದಲ್ಲ, ಪ್ರಯೋಗಕ್ಕೆ ಸೇರಿದ ದಿನದಿಂದ. ಆದ್ದರಿಂದ ಯಾವ ಅಂಕಿ ಕೇಳಿದರೂ, ಯಾರನ್ನು ಎಣಿಸಿದ್ದು, ಯಾವತ್ತಿನಿಂದ ಎಣಿಸಿದ್ದು ಎಂದು ಕೇಳಿ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ ಹೇಳಬೇಕು. ಅಪ್ಪನನ್ನು ನೋಡಲು ಬಂದವರಲ್ಲಿ ಒಬ್ಬರಾದರೂ ‘ನಮ್ಮ ಮಾವನಿಗೂ ಇದೇ ಆಪರೇಷನ್ ಆಗಿ ಹದಿನೈದು ವರ್ಷ, ಗಟ್ಟಿಮುಟ್ಟಾಗಿದ್ದಾರೆ’ ಅನ್ನುತ್ತಾರೆ. ಸುಳ್ಳಲ್ಲ. ಆದರೆ ಆಪರೇಷನ್ ಒಂದೇ ಆದ ಮಾತ್ರಕ್ಕೆ ಕಾಯಿಲೆ ಒಂದೇ ಅಲ್ಲ. ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಿ ಇದೆಯಲ್ಲ, ಆಂಪುಲ್ಲಾ, ಅಲ್ಲಿ ಬರುವ ಕ್ಯಾನ್ಸರಿಗೂ ವಿಪ್ಪಲ್ ಆಪರೇಷನ್ನೇ. ಅಲ್ಲಿ ಗಡ್ಡೆ ಚಿಕ್ಕದಿರುವಾಗಲೇ ಪಿತ್ತ ಕಟ್ಟಿಕೊಂಡು ಕಾಮಾಲೆ ಕಾಣಿಸಿಕೊಳ್ಳುತ್ತದೆ, ಬೇಗ ಸಿಕ್ಕಿಬೀಳುತ್ತದೆ, ಬದುಕುವವರೂ ಹೆಚ್ಚು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇದೆಯೆಂದು 2003ರಲ್ಲಿ ಗೊತ್ತಾದ ಮೇಲೆ 2011ರವರೆಗೆ ಇದ್ದರು ಎನ್ನುತ್ತಾರೆ. ಅವರದ್ದು ನ್ಯೂರೋಎಂಡೋಕ್ರೈನ್ ಗಡ್ಡೆ, ಅದೇ ಅಂಗದಲ್ಲಿ ಬರುವ ಬೇರೆಯೇ, ನಿಧಾನವಾಗಿ ಬೆಳೆಯುವ ಜಾತಿ. ಇವರ ಅಂಕಿಗಳು ನಿಮ್ಮವಲ್ಲ, ನಿಮ್ಮವು ಅವರವಲ್ಲ.

ಬಯಾಪ್ಸಿ ರಿಪೋರ್ಟ್ ಕೈಗೆತ್ತಿಕೊಂಡು ಕೊನೆಯಲ್ಲಿ ಡಯಾಗ್ನೋಸಿಸ್ ಎಂದಿರುವ ಸಾಲನ್ನು ಓದಿ. ಡಕ್ಟಲ್ (ಪ್ಯಾಂಕ್ರಿಯಾಸಿನ ನಾಳದ ಕ್ಯಾನ್ಸರ್, ‘ಎರಡು ವರ್ಷ’ದ ಮಾತು ಇದರದ್ದು) ಎಂದಿದೆಯೋ, ಆಂಪುಲ್ಲರಿ (ಆಂಪುಲ್ಲಾದ ಕ್ಯಾನ್ಸರ್) ಎಂದಿದೆಯೋ? ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ‘ಎಷ್ಟು ವರ್ಷ’ ಎಂದು ಕೇಳಬೇಡಿ. ‘ಅಪ್ಪನಂಥ ನೂರು ಜನರಲ್ಲಿ ಎರಡು ವರ್ಷಕ್ಕೆ ಎಷ್ಟು ಮಂದಿ, ಐದು ವರ್ಷಕ್ಕೆ ಎಷ್ಟು ಮಂದಿ, ಕೀಮೋ ತಗೊಂಡರೆ ಎಷ್ಟು ಮಂದಿ’ ಎಂದು ಕೇಳಿ ಬರೆದುಕೊಳ್ಳಿ.