ಎರೆಗೂ ಮಸಾರಿಗೂ ಒಂದೇ ಎಸ್ಟಿಮೇಟು

‘ಗುಂಡಿ ಆಳ ಇದ್ದಷ್ಟೂ ಚಲೋ. ಇಪ್ಪತ್ತು ಅಡಿ ತೋಡಿದ್ರ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ.’ ನವಲಗುಂದ, ನರಗುಂದದ ಎರೆ (ಕಪ್ಪು ಜಿಗಟು ಮಣ್ಣಿನ) ಸೀಮೆಯಲ್ಲಿ ಶೌಚಾಲಯದ ಮಾತು ಬಂದರೆ ಈ ಬುದ್ಧಿವಾದ ತಪ್ಪಿದ್ದಲ್ಲ. ಹೇಳುವವರು ಓದಿದವರೂ ಆಗಿರುತ್ತಾರೆ. ನನಗಂತೂ ಇದನ್ನು ಕೇಳಿ ಕೇಳಿ ಸಾಕಾಗಿದೆ. ಶೌಚದ ಗುಂಡಿಯನ್ನು ಹಗೇವಿನ (ಕಾಳು ಕೂಡಿಡುವ ನೆಲಗುಂಡಿಯ) ಹಾಗೆ ನೋಡುವುದರಿಂದ ಹುಟ್ಟಿದ ತಪ್ಪು ಇದು.

ಹಗೇವು ಜಾಣರ ವಿದ್ಯೆ, ಅದರಲ್ಲಿ ಅನುಮಾನ ಬೇಡ. ಗಟ್ಟಿ ನೆಲ ನೋಡಿ ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಭದ್ರವಾಗಿ ಮುಚ್ಚುತ್ತಿದ್ದರು. ಕಾಳು ಉಸಿರಾಡುತ್ತಾ ಒಳಗಿನ ಆಮ್ಲಜನಕ ಖರ್ಚು ಮಾಡುತ್ತದೆ. ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಉಸಿರು ಕಟ್ಟಿ ಸಾಯುತ್ತದೆ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಕಾಯುತ್ತಿದ್ದರು. ಇದೆಲ್ಲ ನಡೆಯಬೇಕಾದರೆ ಒಳಗೆ ಒಂದು ಹನಿ ನೀರೂ ಜಿನುಗಬಾರದು. ಶೌಚದ ಗುಂಡಿಯ ಕತೆ ತದ್ವಿರುದ್ಧ. ಅದು ಸೋರಲೇಬೇಕು.

2014ರಲ್ಲಿ ಶುರುವಾದ ಸ್ವಚ್ಛ ಭಾರತ ಮಿಷನ್ ಹಳ್ಳಿಗಳಿಗೆ ಹೇಳಿದ್ದು ಜೋಡಿ ಗುಂಡಿ. ಒಂದೊಂದೂ ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರ್ ಆಳ. ಇಟ್ಟಿಗೆಗಳ ನಡುವೆ ಸಂದಿ ಬಿಟ್ಟು ಗೋಡೆ ಕಟ್ಟುತ್ತಾರೆ. ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ಐದು ಜನರ ಮನೆಯಲ್ಲಿ ನೀರೆಲ್ಲ ಇಂಗಿ, ಕೊಳೆತು ಉಳಿಯುವ ಗಷ್ಟು ವರ್ಷಕ್ಕೆ ಸುಮಾರು 200 ಲೀಟರ್. ಗುಂಡಿ ಹಿಡಿಯುವುದು 785 ಲೀಟರ್. ಮೂರು ವರ್ಷಕ್ಕೂ ಜಾಸ್ತಿ ಬಂತು. ಆಮೇಲೆ ಎರಡೂ ಗುಂಡಿಗೆ ಕವಲೊಡೆಯುವ ಚೇಂಬರಿನಲ್ಲಿ ದಾರಿ ತಿರುಗಿಸಿ ಎರಡನೆಯದಕ್ಕೆ ಬಿಡುವುದು. ಮೊದಲನೆಯದು ಎರಡು ವರ್ಷ ಮುಚ್ಚಿಯೇ ಇರಬೇಕು. ಅಷ್ಟರಲ್ಲಿ ರೋಗಾಣುಗಳೂ ಜಂತುಹುಳದ ಮೊಟ್ಟೆಗಳೂ ಸತ್ತು, ವಾಸನೆಯಿಲ್ಲದ ಗೊಬ್ಬರ ಉಳಿಯುತ್ತದೆ. ಇಪ್ಪತ್ತು ಅಡಿಯ ಒಂಟಿ ಗುಂಡಿ ತುಂಬಿದ ದಿನ ಆ ಹಸಿ ಹೊಲಸಿಗೆ ಯಾರನ್ನು ಇಳಿಸುತ್ತೀರಿ? ಮನುಷ್ಯರ ಕೈಯಿಂದ ಮಲ ತೆಗೆಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ಈಗ ಲೆಕ್ಕಕ್ಕೆ ಬರೋಣ. ನನಗೆ ಬಹಳ ಖುಷಿ ಕೊಡುವ ಲೆಕ್ಕ ಇದು.

ಗುಂಡಿಯ ತಳದಲ್ಲಿ ಕೆಸರು ಕೂತು ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ನೀರು ಇಂಗುವುದಕ್ಕೆ ಪಕ್ಕದ ಗೋಡೆಯನ್ನಷ್ಟೇ ನಂಬಬೇಕು. ಒಂದು ಮೀಟರ್ ಅಗಲ, ಒಂದು ಮೀಟರ್ ಆಳ ಅಂದರೆ ಗೋಡೆ 3.14 ಚದರ ಮೀಟರ್. ಶೌಚದ ನೀರು ತಲೆಗೆ ದಿನಕ್ಕೆ 10 ಲೀಟರ್ ಹಿಡಿದರೆ ಐದು ಜನಕ್ಕೆ 50 ಲೀಟರ್. ಎಂಜಿನಿಯರುಗಳ ಕೈಪಿಡಿಯ ಪ್ರಕಾರ ಮರಳು ಬೆರೆತ ಮಣ್ಣು ಚದರ ಮೀಟರಿಗೆ ದಿನಕ್ಕೆ 30 ಲೀಟರ್ ಕೊಳೆನೀರು ಕುಡಿಯುತ್ತದೆ. ಅಂಥ ಕೆಂಪು ಮಸಾರಿ ಮಣ್ಣಿನಲ್ಲಿ ಗುಂಡಿ 94 ಲೀಟರ್ ಇಂಗಿಸುತ್ತದೆ, ಆರಾಮ. ಜಿಗಟು ಮಣ್ಣು ಕುಡಿಯುವುದು ಬರೀ 10 ಲೀಟರ್. ಎರೆ ಆ ಜಾತಿಯದು. ಅಲ್ಲಿ ಅದೇ ಗುಂಡಿ ಇಂಗಿಸುವುದು 31 ಲೀಟರ್. ಪ್ರತಿದಿನ 19 ಲೀಟರ್ ಉಳಿಯಿತು, ಅಲ್ವಾ? ಗುಂಡಿ ‘ಬೇಗ ತುಂಬಿತು’ ಅನ್ನುವುದು ಇದಕ್ಕೇ. ತುಂಬಿದ್ದು ಮಲ ಅಲ್ಲ, ನೀರು.

ಎರೆ ಯಾಕೆ ಇಷ್ಟು ಮೊಂಡು? ಅದರ ಕಣಗಳು ಬಲು ಸಣ್ಣ, ಪದರ ಪದರ. ನೀರು ಪದರಗಳ ನಡುವೆ ಹೊಕ್ಕರೆ ಉಬ್ಬುತ್ತವೆ, ಸಂದಿ ಮುಚ್ಚುತ್ತವೆ. ಅದರ ಮೇಲೆ ಕೊಳೆನೀರಿನ ಬ್ಯಾಕ್ಟೀರಿಯಾಗಳು ಗೋಡೆಗೆ ಲೋಳೆ ಬಳಿಯುತ್ತವೆ. ಗುಂಡಿಗೆ ಬಿಡುವು ಕೊಟ್ಟರೆ ಲೋಳೆ ಒಣಗಿ ಸಾಯುತ್ತದೆ, ರಂಧ್ರಗಳು ಮತ್ತೆ ತೆರೆದುಕೊಳ್ಳುತ್ತವೆ. ಜೋಡಿ ಗುಂಡಿಯ ಈ ಎರಡನೇ ಲಾಭವನ್ನು ಯಾರೂ ಹೇಳುವುದೇ ಇಲ್ಲ.

ಪರಿಹಾರ ಕೈಪಿಡಿಯಲ್ಲೇ ಇದೆ. ಎರೆ ಇದ್ದಲ್ಲಿ ಗುಂಡಿಯ ಹೊರಸುತ್ತ 30 ಸೆಂಟಿಮೀಟರ್ ದಪ್ಪ ಮರಳು ಅಥವಾ ಸಣ್ಣ ಕಡಿ (ಜಲ್ಲಿ) ತುಂಬಬೇಕು. ಆಗ ಮಣ್ಣಿಗೆ ತಾಗುವ ಸುತ್ತಳತೆ 1.6 ಮೀಟರ್ ಅಗಲದ ಗುಂಡಿಯದು. ಗೋಡೆ 5 ಚದರ ಮೀಟರ್, ಇಂಗುವುದು 50 ಲೀಟರ್. ಬೇಕಾಗಿದ್ದೂ ಅಷ್ಟೇ! ಎರಡೂ ಗುಂಡಿಗೆ ಸುಮಾರು ಎರಡೂವರೆ ಘನ ಮೀಟರ್ ಮರಳು, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಟ್ರೇಲರ್.

ಆ ಟ್ರೇಲರಿನ ದುಡ್ಡು ಎಲ್ಲಿಂದ ಬರಬೇಕು? ಸ್ವಚ್ಛ ಭಾರತದ ಪ್ರೋತ್ಸಾಹಧನ ಮನೆಗೆ 12,000 ರೂಪಾಯಿ. ಕೇಂದ್ರದ್ದು 7,200, ರಾಜ್ಯದ್ದು 4,800. ನರಗುಂದದ ಎರೆಗೂ ಅಷ್ಟೇ, ಕಪ್ಪತಗುಡ್ಡದ ಬುಡದ ಮಸಾರಿಗೂ ಅಷ್ಟೇ. ಬಚ್ಚಲು ನೀರಿನದೂ ಇದೇ ಹಾಡು. 2019ರ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಮನೆ ಬಾಗಿಲಿಗೆ ತರುವ ಯೋಜನೆ. ನಮ್ಮಲ್ಲಿ ಖರ್ಚು ಕೇಂದ್ರ, ರಾಜ್ಯ ಅರ್ಧರ್ಧ. ಐದು ಜನಕ್ಕೆ 275 ಲೀಟರ್ ಬರುತ್ತದೆ, ಬಹುಪಾಲು ಬಚ್ಚಲಿಂದ ಹೊರಗೆ ಹೋಗುತ್ತದೆ. ಅದನ್ನು ಸಂಭಾಳಿಸಲು ಸ್ವಚ್ಛ ಭಾರತದ ಎರಡನೇ ಹಂತದಲ್ಲಿ 5,000 ಜನಸಂಖ್ಯೆವರೆಗಿನ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660ರವರೆಗೆ. ಲೆಕ್ಕ ಹಾಕಿದ್ದು ತಲೆ ಎಣಿಸಿ. ಮಣ್ಣು ಯಾವುದೆಂದು ಕೇಳುವ ಕಲಮು ಈ ದರದಲ್ಲಿ ಇಲ್ಲ. ಬಚ್ಚಲು ನೀರನ್ನೂ ಶೌಚದ ಗುಂಡಿಗೇ ಬಿಡುವ ಮಹಾಶಯರಿದ್ದಾರೆ. 50 ಲೀಟರಿನ ಗುಂಡಿಗೆ 275 ಲೀಟರಿನ ಬಹುಪಾಲು!

ಆದರೆ ಪಂಚಾಯಿತಿಯ ಕೈ ಪೂರ್ತಿ ಕಟ್ಟಿಲ್ಲ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂಥ ಅನುದಾನದಲ್ಲಿ ಮರಳಿಗೆ ದಾರಿ ಹುಡುಕಬಹುದು. ನಿಜವಾದ ತೊಡಕು ಕ್ಯಾಲೆಂಡರಿನದು. ಸರ್ಕಾರಿ ದುಡ್ಡು ಖರ್ಚಾಗುವುದು ಮಾರ್ಚಿನ ಗಡಿಬಿಡಿಯಲ್ಲಿ. ಆಗ ಎರೆ ಬಾಯಿ ಬಿಟ್ಟಿರುತ್ತದೆ. ಬಿರುಕಿಗೆ ಕೊಡಗಟ್ಟಲೆ ನೀರು ಸುರಿದರೂ ಗಟಗಟ ಕುಡಿಯುತ್ತದೆ. ನೋಡಿದವರು ‘ಮಣ್ಣು ಚಲೋ ಐತಿ’ ಅಂತ ಸಹಿ ಹಾಕುತ್ತಾರೆ. ಮಳೆಗಾಲಕ್ಕೆ ಬಿರುಕು ಮುಚ್ಚಿ ಗುಂಡಿ ಉಕ್ಕುತ್ತದೆ.

ಅದಕ್ಕೇ ಇಂಗು ಪರೀಕ್ಷೆಗೆ ಒಂದು ಕಟ್ಟುನಿಟ್ಟಿದೆ. ಗುಂಡಿ ತೋಡುವ ಜಾಗದಲ್ಲಿ ಸಣ್ಣ ಕುಣಿ ತೆಗೆದು ಹಿಂದಿನ ರಾತ್ರಿಯೇ ನೀರು ತುಂಬಿ ನೆನೆಸಬೇಕು. ಬೆಳಿಗ್ಗೆ ಮತ್ತೆ ತುಂಬಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಕಡ್ಡಿ ಇಟ್ಟು ಅಳೆಯಬೇಕು. ಒಂದು ಸಲಿಕೆ, ಒಂದು ಕೊಡ, ಒಂದು ಕಡ್ಡಿ ಸಾಕು. ಶ್ರಾವಣದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಬಿರುಕುಗಳು ಆಗಲೇ ಮುಚ್ಚಿರುತ್ತವೆ.