ಟವರ್ ನಿಂತಿದೆ, ಸಿಗ್ನಲ್ ಇಲ್ಲ

2021ರ ಮೇ ತಿಂಗಳು. ತೌಕ್ತೆ ಚಂಡಮಾರುತ ಗುಜರಾತಿನ ಕಡೆಗೆ ಹೊರಟಿತ್ತು. ಕಾಸರಗೋಡಿಗೆ ಅದು ಅಪ್ಪಳಿಸಲೇ ಇಲ್ಲ, ಕಡಲಲ್ಲೇ ಹಾದುಹೋಯಿತು. ಅಷ್ಟಕ್ಕೇ ಉಪ್ಪಳದ ಮುಸೋಡಿಯಲ್ಲಿ ಕಡಲು ಮನೆಗಳ ಬುಡ ಕೊರೆಯಿತು. ನಮ್ಮಲ್ಲಿ ತೆಂಗಿನ ಮಡಲು ತಂತಿಗೆ ಬಿದ್ದು ಕರೆಂಟು ಹೋಯಿತು. ರಾತ್ರಿಯಿಡೀ ಫೋನ್ ಸಿಗುತ್ತಿತ್ತು. ಬೆಳಗಾಗುವಾಗ ಅದೂ ಇಲ್ಲ. ಅಂಗಳಕ್ಕೆ ಬಂದು ನೋಡಿದರೆ ಟವರ್ ನೆಟ್ಟಗೆ ನಿಂತಿದೆ! ಲಾಕ್‌ಡೌನ್ ಬೇರೆ. ಕೋವಿಡ್ ಬಂದು ಮಲಗಿದ್ದ ಮಾವನ ಉಸಿರಾಟ ಹೇಗಿದೆ ಎಂದು ಕೇಳಲು ದಾರಿಯೇ ಇರಲಿಲ್ಲ.

ಗಾಳಿಗೆ ಟವರ್ ಬೀಳುವುದು ಕಡಿಮೆ. ಅದರ ಕರೆಂಟು ಸಾಯುವುದೇ ಜಾಸ್ತಿ. ಟವರಿನ ಬುಡದಲ್ಲಿ 48 ವೋಲ್ಟಿನ ಬ್ಯಾಟರಿಗಳಿರುತ್ತವೆ. ಕೆಲವು ಗಂಟೆ ಅವೇ ಆಧಾರ. ಆಮೇಲೆ ಡೀಸೆಲ್ ಜನರೇಟರ್ ಓಡಬೇಕು. ರಸ್ತೆಗೆ ಮರ ಬಿದ್ದಿದ್ದರೆ ಡೀಸೆಲ್ ತರುವವರು ಯಾರು?

ಲ್ಯಾಂಡ್‌ಲೈನ್ ಕಾಲದಲ್ಲಿ ಹೀಗಿರಲಿಲ್ಲ ಅಲ್ವಾ? ಆಗಲೂ ಅದೇ 48 ವೋಲ್ಟ್. ಆದರೆ ಬ್ಯಾಟರಿಗಳೆಲ್ಲ ಎಕ್ಸ್‌ಚೇಂಜಿನಲ್ಲಿ ಒಂದೇ ಕಡೆ ಸಾಲಾಗಿ ಇರುತ್ತಿದ್ದವು. ಮಾತು ತರುವ ತಾಮ್ರದ ತಂತಿಯೇ ಫೋನಿಗೆ ಬೇಕಾದ ಕರೆಂಟನ್ನೂ ತರುತ್ತಿತ್ತು. ಮನೆಯಲ್ಲಿ ಚಿಮಿಣಿ ದೀಪ ಉರಿಯುತ್ತಿದ್ದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಈಗ ಬಂದಿರುವ ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಕರೆಂಟು ಹೋದ ಕೂಡಲೇ ಮೋಡೆಮ್ ಆರಿಹೋಗುತ್ತದೆ.

ಅಮೆರಿಕದವರು ಈ ಪಾಠ ಕಲಿತದ್ದು 2005ರ ಕತ್ರೀನಾ ಚಂಡಮಾರುತದಲ್ಲಿ. ಟವರಿಗೆ 8 ಗಂಟೆ, ಎಕ್ಸ್‌ಚೇಂಜಿಗೆ 24 ಗಂಟೆಯ ಬದಲಿ ವಿದ್ಯುತ್ ಇರಲೇಬೇಕು ಎಂದು 2007ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ನಿಯಮ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. ನಿಯಮ ಜಾರಿಗೆ ಬರಲೇ ಇಲ್ಲ. 2012ರ ಸ್ಯಾಂಡಿಯಲ್ಲಿ ಗಾಳಿ ಹೊಡೆದ ಪ್ರದೇಶದ ಸುಮಾರು ಕಾಲು ಭಾಗ ಟವರುಗಳು ಸತ್ತವು. 2017ರ ಮರಿಯಾಕ್ಕೆ ಪೋರ್ಟೊ ರಿಕೊ ದ್ವೀಪದ ನೂರರಲ್ಲಿ 95 ಟವರುಗಳು ಮೌನವಾದವು. ಎಂಟು ಗಂಟೆ ಕೇಳಿದ್ದೇ ದುಬಾರಿಯಾಯಿತೆಂದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಮ್ಮ ಕಡೆ ಕಣ್ಣು ತೆರೆಸಿದ್ದು ಅದೇ 2017ರ ಓಖಿ ಚಂಡಮಾರುತ. ದಡ ಬಿಟ್ಟು ದೂರ ಹೋದ ಮೀನುಗಾರರಿಗೆ ಮೊಬೈಲ್ ಸಿಗುವುದಿಲ್ಲ. ಎಚ್ಚರಿಕೆ ಹೊರಟರೂ ಎಷ್ಟೋ ದೋಣಿಗಳಿಗೆ ಅದು ಮುಟ್ಟಲಿಲ್ಲ. ಆಮೇಲೆ ಇಸ್ರೋದ ನಾವಿಕ್ ಉಪಗ್ರಹಗಳಿಂದ ಸಂದೇಶ ಪಡೆಯುವ ಸಾಧನಗಳು ಬಂದವು. ವಿಪತ್ತಿನ ಹೊತ್ತಲ್ಲಿ ಯಾವ ಕಂಪನಿಯ ಟವರ್ ಬದುಕಿದೆಯೋ ಅದನ್ನೇ ಎಲ್ಲರೂ ಬಳಸುವ ವ್ಯವಸ್ಥೆಯೂ ಬಂದಿದೆ. ಫೋನ್ ಜೋರಾಗಿ ಕೂಗಿ ಎಚ್ಚರಿಸುವ ಸಂದೇಶಗಳ ಪರೀಕ್ಷೆ 2023ರಲ್ಲಿ ನಡೆಯಿತು. ಎಲ್ಲ ಒಳ್ಳೆಯದೇ. ಆದರೆ ಆ ಕೂಗು ಕೂಡ ಬದುಕಿರುವ ಟವರಿನಿಂದಲೇ ಬರಬೇಕು.

ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ತಂತಿಗೆ ತಾಗುವ ಕೊಂಬೆ ಕಡಿಯುತ್ತಾರೆ. ಅದೇ ವಾರ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ: ನಮ್ಮ ಟವರಿನ ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ, ಡೀಸೆಲ್ ಯಾರು ತರುತ್ತಾರೆ?